ಸ್ಮಾರ್ಟ್ ಟಿವಿ ಬೇಡ ಅನ್ನಿಸಿದರೆ ನಾನು ಹಳೇ ಕಾಲದವಳಾ?

ಪ್ರಶ್ನೆ: ಸೇಡಂ ಕಡೆಯ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ಎಲ್‌ಕೆಜಿ ಟೀಚರ್ ನಾನು. ಈ ವರ್ಷ ನಮ್ಮ ಕೋಣೆಗೆ ಸ್ಮಾರ್ಟ್ ಟಿವಿ ಬಂದಿದೆ. ದಿನಾ ಹಾಕಿ ಅಂತ ಹೆಡ್‌ಮಾಸ್ಟರ್ ಹೇಳುತ್ತಾರೆ. ಜೊತೆಗಿರುವ ಟೀಚರಿಗೂ ಖುಷಿ, ಮಕ್ಕಳು ಗಲಾಟೆ ಮಾಡದೆ ಕೂರುತ್ತಾರಂತೆ. ನನಗೆ ಮಾತ್ರ ಹಾಡು, ಮಣ್ಣು, ಕಥೆ ಸಾಕು ಅನ್ನಿಸುತ್ತೆ. ನಾನು ಹಳೇ ಕಾಲದವಳಾ?

ಉತ್ತರ: ಖಂಡಿತ ಅಲ್ಲ. ಹಳೇ ಕಾಲದ ಮಾತು ಆಡಿದವರು ನಿಮ್ಮ ಜೊತೆಗಾರ್ತಿ. ಮಗು ಬಾಯಿ ಮುಚ್ಚಿಕೊಂಡು ಕೂತರೆ ಕಲಿಯುತ್ತಿದೆ ಅನ್ನುವ ನಂಬಿಕೆ ಟಿವಿಗಿಂತ ಎಷ್ಟೋ ಹಳೆಯದು. ಮೊದಲು ಆ ಕೆಲಸಕ್ಕೆ ಬೆತ್ತ ಇತ್ತು, ಅಷ್ಟೇ.

ಪೆಗಿ ಅರ್ಟ್ಮರ್ ಅನ್ನುವ ಸಂಶೋಧಕಿ 1999ರಲ್ಲೇ ಇದನ್ನು ಬಿಡಿಸಿ ಬರೆದಿದ್ದಾರೆ. ತಂತ್ರಜ್ಞಾನಕ್ಕೆ ಶಾಲೆಯಲ್ಲಿ ಎರಡು ಥರದ ಅಡ್ಡಿ ಇರುತ್ತವೆ. ಯಂತ್ರ, ಸಮಯ, ತರಬೇತಿ ಸಾಲದಿರುವುದು ಹೊರಗಿನ ಅಡ್ಡಿ. ಕಲಿಸುವುದು ಅಂದರೆ ಏನು ಅಂತ ಟೀಚರ್ ಮನಸ್ಸಲ್ಲಿ ಕೂತಿರುವುದು ಒಳಗಿನದು. ಮೊದಲನೆಯದಕ್ಕೆ ಟೆಂಡರ್ ಕರೆಯಬಹುದು, ಎರಡನೆಯದರ ಬಗ್ಗೆ ಟೀಚರನ್ನು ಯಾರೂ ಕೇಳುವುದೂ ಇಲ್ಲ. ಹಾಗಾಗಿ ಟಿವಿ ಒಂದೇ ಇದ್ದರೂ ಅದನ್ನು ನೀವು ಬಳಸುವ ರೀತಿಯೇ ಬೇರೆ, ನಿಮ್ಮ ಜೊತೆಗಾರ್ತಿ ಬಳಸುವ ರೀತಿಯೇ ಬೇರೆ ಆಗುತ್ತದೆ.

ನಿಮ್ಮ ಅನುಮಾನಕ್ಕೆ ಆಧಾರ ಇದೆ. 2003ರಲ್ಲಿ ಪ್ಯಾಟ್ರೀಷಿಯಾ ಕುಲ್ ಮತ್ತು ಜೊತೆಗಾರರು ಅಮೆರಿಕದ 9 ತಿಂಗಳ ಕೂಸುಗಳಿಗೆ ಮ್ಯಾಂಡರಿನ್ ಚೀನೀ ಭಾಷೆ ಕೇಳಿಸಿದರು. ಎದುರಿಗೇ ಕೂತು ಆಡಿಸಿದವರ ಮಾತು ಕೇಳಿದ ಕೂಸುಗಳು ಆ ಭಾಷೆಯ ಸದ್ದುಗಳನ್ನು ಗುರುತಿಸಿದವು, ಅದನ್ನೇ ಟಿವಿಯಲ್ಲಿ ನೋಡಿದ ಕೂಸುಗಳಿಗೆ ಏನೂ ಹತ್ತಲಿಲ್ಲ. ಅವು ಕೂಸುಗಳು ನಿಜ. ನಿಮ್ಮ ನಾಲ್ಕು ವರ್ಷದ ಮಕ್ಕಳು ವಿಡಿಯೊದಿಂದಲೂ ಕಲಿಯುತ್ತಾರೆ, ಅದರಲ್ಲೂ ಪಕ್ಕದಲ್ಲಿ ಒಬ್ಬರು ಕೂತು ಮಾತಾಡಿಸುತ್ತಾ ನೋಡಿದರೆ. ಟಿವಿ ಹಾಕಿ ರಿಜಿಸ್ಟರ್ ಬರೆಯೋಕೆ ಹೋದರೆ ಆ ಲಾಭ ಹೋಯಿತು.

ಇನ್ನು ದಿನಾ ಹಾಕುವ ಮಾತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಪ್ರಕಾರ 3-4 ವರ್ಷದ ಮಕ್ಕಳು ದಿನಕ್ಕೆ ಕೂತು ಸ್ಕ್ರೀನ್ ನೋಡುವುದು 1 ಗಂಟೆ ಮೀರಬಾರದು, ಕಡಿಮೆ ಆದಷ್ಟೂ ಒಳ್ಳೆಯದು. ಓಡಾಟ, ಆಟ ಮಾತ್ರ ದಿನಕ್ಕೆ 180 ನಿಮಿಷ ಆದರೂ ಬೇಕು. ಆ 1 ಗಂಟೆಯಲ್ಲಿ ಅವ್ವ ರೊಟ್ಟಿ ಬಡಿಯುವಾಗ ಮಗುವಿನ ಕೈಗೆ ಕೊಟ್ಟ ಮೊಬೈಲೂ ಸೇರಿತು. ನಿಮ್ಮ ಪಾಲಿಗೆ ಎಷ್ಟು ಉಳಿಯಿತು ಹೇಳಿ?

ಹಾಗಂತ ಟಿವಿಗೆ ಬಟ್ಟೆ ಹೊದಿಸಿ ಇಡಬೇಡಿ. ಕಣ್ಣಿಗೆ ಕಾಣದಷ್ಟು ನಿಧಾನ ಆಗುವುದನ್ನು ತೋರಿಸೋಕೆ ಅದು ಬಹಳ ಚಲೋ. ನಿಮ್ಮ ಕಡೆ ತೊಗರಿಗೆ ಬರ ಇಲ್ಲ. ಮುಂದಿನ ಮುಂಗಾರಿಗೆ ಬಿತ್ತನೆ ಆದ ಮೇಲೆ ಶಾಲೆ ಪಕ್ಕದ ಹೊಲದ ಒಂದೇ ಗಿಡದ ಫೋಟೊ ವಾರಕ್ಕೊಂದು ತೆಗೆಯುತ್ತಾ ಹೋಗಿ, ಮಕ್ಕಳನ್ನೂ ಕರೆದುಕೊಂಡು. ಮೊಳಕೆ, ಎಲೆ, ಹಳದಿ ಹೂವು, ಕಾಯಿ, ಎಲ್ಲಾ ಸಾಲಾಗಿ ಟಿವಿಯಲ್ಲಿ ಹಾಕಿ. ಒಂದೊಂದು ಫೋಟೊಗೂ ನಿಲ್ಲಿಸಿ, ಮುಂದೆ ಏನು ಬರುತ್ತೆ ಅಂತ ಕೇಳಿ. ಕಾಯಿಯಲ್ಲಿ ತೂತು ಕಂಡರೆ 'ಹುಳ ತಿಂದಾವ್ರೀ' ಅಂತ ಯಾವುದೋ ಮಗು ಎದ್ದು ಬಂದು ಸ್ಕ್ರೀನಿಗೆ ಬೆರಳು ಇಡುತ್ತೆ, ಇನ್ನೊಂದು ಅದು ತೂತಲ್ಲ ಅನ್ನುತ್ತೆ. ಗಲಾಟೆ ಆಗಲಿ ಬಿಡಿ. ಹತ್ತು ನಿಮಿಷ ಆದಮೇಲೆ ಆಫ್ ಮಾಡಿ.

ಹೆಡ್‌ಮಾಸ್ಟರ್ ಹತ್ತಿರ ವಾದಕ್ಕೆ ಇಳಿಯಬೇಡಿ. ಒಮ್ಮೆ ಬಂದು ಇದನ್ನು ನೋಡಿ ಅನ್ನಿ. ಅವರಿಗೂ ಟಿವಿ ಬಳಸಿದ್ದೀವಿ ಅಂತ ಮೇಲಿನವರಿಗೆ ಬರೆಯಬೇಕಿರುತ್ತೆ, ಪಾಪ.

ಪ್ರಶ್ನೆ: ನಾನು ಔರಾದ್ ತಾಲ್ಲೂಕಿನ ತಾಂಡಾದಲ್ಲಿ ಅಂಗನವಾಡಿ ಕಾರ್ಯಕರ್ತೆ. ಫೋನ್ ಅಂದರೆ ನನಗೆ ಅಂಗನವಾಡಿ ಲೆಕ್ಕ ತುಂಬುವ ಸರ್ಕಾರಿ ಆ್ಯಪ್ ಪೋಷಣ್ ಟ್ರ್ಯಾಕರ್, ತೂಕ, ಎತ್ತರ, ಹಾಜರಿ, ಸರ್ವರ್ ಬಿಜಿ. ಇದನ್ನೇ ಮಕ್ಕಳ ಕಲಿಕೆಗೂ ಬಳಸಿ ಅಂದರೆ ಸಿಟ್ಟು ಬರುತ್ತೆ.

ಉತ್ತರ: ಬರಲೇಬೇಕು. ಫೋನ್ ನಿಮ್ಮ ಕೈಗೆ ಬಂದಿದ್ದೇ ಲೆಕ್ಕ ಒಪ್ಪಿಸೋಕೆ. ಕೆಲಸದ ಹೊರೆ ಆಗಿರುವ ವಸ್ತುವಿನ ಮೇಲೆ ಪ್ರೀತಿ ಹುಟ್ಟಲಿಲ್ಲ ಅಂತ ನಿಮ್ಮನ್ನು ದೂರುವುದು ಸರಿಯಲ್ಲ. ತರಬೇತಿಯಲ್ಲಿ ಯಾರಾದರೂ ಮನೋಭಾವ ಬದಲಿಸಿಕೊಳ್ಳಿ ಅಂದರೆ ಮೊದಲು ಸರ್ವರ್ ಸರಿ ಮಾಡಿಸಿ ಅನ್ನಿ.

ಒಂದನ್ನು ಮಾತ್ರ ಮಾಡಿ ನೋಡಿ, ನೆಟ್‌ವರ್ಕ್ ಬೇಡ. ಮಕ್ಕಳು ಮನೆಯಲ್ಲಿ ಲಂಬಾಣಿ ಆಡುತ್ತಾರೆ, ನೀವು ಕನ್ನಡದಲ್ಲಿ ಕಲಿಸುತ್ತೀರಿ, ಅಲ್ವಾ? ತಾಂಡಾದ ಅಜ್ಜಿಯೊಬ್ಬರು ಹೇಳುವ ಕಥೆಯನ್ನು ವಾಯ್ಸ್ ರೆಕಾರ್ಡರಿನಲ್ಲಿ ತುಂಬಿಕೊಳ್ಳಿ. ಫೋನನ್ನು ಬೋರಲು ಇಟ್ಟು ಕೇಳಿಸಿ. ನಡುವೆ ನಿಲ್ಲಿಸಿ ಆಮೇಲೆ ಏನಾಯಿತು ಅಂತ ಮಕ್ಕಳನ್ನು ಕೇಳಿ, ಅವರು ಹೇಳಿದ್ದನ್ನೂ ರೆಕಾರ್ಡ್ ಮಾಡಿ ಅವರಿಗೇ ಕೇಳಿಸಿ. ನಿಮಗೆ ಲಂಬಾಣಿ ಬರದಿದ್ದರೆ ಮಕ್ಕಳೇ ನಿಮಗೆ ಅರ್ಥ ಹೇಳಲಿ. ಅಜ್ಜಿಯ ಒಪ್ಪಿಗೆ ಪಡೆದೇ ರೆಕಾರ್ಡ್ ಮಾಡಿ, ಮಕ್ಕಳ ದನಿಯನ್ನು ಯಾವ ವಾಟ್ಸ್‌ಆ್ಯಪ್ ಗುಂಪಿಗೂ ಹಾಕಬೇಡಿ, ಸೂಪರ್‌ವೈಸರ್ ಕೇಳಿದರೂ.