ಟಾಸ್ ಹಾಕಿ ಡ್ಯಾನ್ಸ್ ಕಂಪೋಸ್ ಮಾಡೋದು ಅಂದ್ರೆ ಮನಸ್ಸಿಗೆ ಬಂದಂಗೆ ಕುಣಿಯೋದಾ?

ನಾಣ್ಯ ಚಿಮ್ಮಿ ಸ್ಟೆಪ್ ತೀರ್ಮಾನ ಮಾಡೋದಾದ್ರೆ ಕೊರಿಯಾಗ್ರಫರ್ ಯಾಕೆ ಬೇಕು, ಡ್ಯಾನ್ಸರ್ಸ್ ಸ್ಟೇಜ್ ಮೇಲೆ ತೋಚಿದಂಗೆ ಕುಣಿತಾರಾ ಅಂತ ಕೇಳಿದ್ದೀರಿ. ಇಲ್ಲ, ಪೂರ್ತಿ ಉಲ್ಟಾ. ನಾನು ಭರತನಾಟ್ಯ ಕಲಿತು ಆಮೇಲೆ ಕಂಟೆಂಪರರಿಗೆ ಬಂದವಳು, ಈ ಪದ್ಧತಿಯಷ್ಟು ಶಿಸ್ತು ಕೇಳೋದು ನಾನು ಬೇರೆಲ್ಲೂ ಕಂಡಿಲ್ಲ.

ಇದನ್ನ ಗಟ್ಟಿಯಾಗಿ ಹಿಡಿದು ಬೆಳೆಸಿದ್ದು ಅಮೆರಿಕದ ಕೊರಿಯಾಗ್ರಫರ್ ಮರ್ಸ್ ಕನಿಂಗ್‌ಹ್ಯಾಮ್, ಜೊತೆಗೆ ಸಂಗೀತಗಾರ ಜಾನ್ ಕೇಜ್. ನಮಗೆ ಖುಷಿ ಆಗೋ ವಿಷಯ ಏನಂದ್ರೆ ಕನಿಂಗ್‌ಹ್ಯಾಮ್ ಮೊದಲು ಟಾಸ್ ಹಾಕಿದ್ದು ನಮ್ಮ ನವರಸಕ್ಕೇ! 1951ರ 'ಸಿಕ್ಸ್‌ಟೀನ್ ಡ್ಯಾನ್ಸಸ್' ನಿಂತಿರೋದು ಒಂಬತ್ತು ರಸಗಳ ಮೇಲೆ, ಕರುಣ ಮೊದಲಾ ಭಯಾನಕ ಮೊದಲಾ ಅನ್ನೋದಕ್ಕೆ ಅವರಿಗೆ ಕಾರಣ ಕಾಣಲಿಲ್ಲ, ನಾಣ್ಯಕ್ಕೆ ಬಿಟ್ರು, ಶಾಂತ ಮಾತ್ರ ಕೊನೆಗೇ ಇಟ್ಕೊಂಡ್ರು. 1953ರ 'ಸೂಟ್ ಬೈ ಚಾನ್ಸ್' ಹೊತ್ತಿಗೆ ಚಲನೆಗೊಂದು, ಎಷ್ಟು ಹೊತ್ತು ಅನ್ನೋದಕ್ಕೊಂದು, ಯಾವ ದಿಕ್ಕು ಅನ್ನೋದಕ್ಕೊಂದು ಚಾರ್ಟ್ ಬರೆದು ಒಂದೊಂದಕ್ಕೂ ಟಾಸ್. ಆ ಚಾರ್ಟಲ್ಲಿ ಏನಿರಬೇಕು ಅಂತ ಆರಿಸೋದು ಕೊರಿಯಾಗ್ರಫರೇ, ಅಲ್ಲೇ ಅವರ ಕೈಚಳಕ ಇರೋದು. ನಾಣ್ಯ ಬಿದ್ದಾದ ಮೇಲೆ ಎಲ್ಲಾ ಫಿಕ್ಸ್, ಡ್ಯಾನ್ಸರ್ ಒಂದು ಬೆರಳೂ ಬದಲಾಯಿಸೋ ಹಾಗಿಲ್ಲ. 2003ರ 'ಸ್ಪ್ಲಿಟ್ ಸೈಡ್ಸ್'ನಲ್ಲಿ ಪ್ರೇಕ್ಷಕರ ಮುಂದೆನೇ ದಾಳ ಉರುಳಿಸ್ತಿದ್ರು, ಡ್ಯಾನ್ಸು, ಮ್ಯೂಸಿಕ್ಕು, ಪರದೆ, ಕಾಸ್ಟ್ಯೂಮ್, ಲೈಟಿಂಗ್ ಎಲ್ಲಾ ಎರಡೆರಡು, ಅಂದ್ರೆ 32 ಥರ ಜೋಡಿಸಬಹುದು, ಆದ್ರೆ ಡ್ಯಾನ್ಸಿನ ಎರಡೂ ಭಾಗ ಮೊದಲೇ ಕರಾರುವಾಕ್ಕಾಗಿ ಕಲಿತಿರೋದೇ.

ಇಷ್ಟೆಲ್ಲಾ ಯಾಕೆ ಅಂದ್ರೆ ದೇಹಕ್ಕೆ ಅಭ್ಯಾಸ ಅನ್ನೋದು ಬಿಡಲ್ಲ. ಎಡಕ್ಕೆ ತಿರುಗಿದ್ರೆ ಮುಂದೇನು ಬರುತ್ತೆ ಅಂತ ನಮ್ಮ ಕಾಲಿಗೆ ಮೊದಲೇ ಗೊತ್ತಿರುತ್ತೆ, ಹೊಸದು ಅಂದ್ಕೊಂಡು ಮಾಡಿದ್ದೂ ಹಳೇದೇ ಆಗಿರುತ್ತೆ.

ನೀವೂ ಮಾಡಿ ನೋಡಿ. ಮೂರು ಡಬ್ಬಿ ಚೀಟಿ ಮಾಡಿ: ಒಂದರಲ್ಲಿ ಕಾಲು, ಒಂದರಲ್ಲಿ ಕೈ, ಒಂದರಲ್ಲಿ ದೃಷ್ಟಿ. ಒಂದೊಂದರಿಂದ ಒಂದೊಂದು ಚೀಟಿ ಎತ್ತಿ, ಮೂರನ್ನೂ ಒಟ್ಟಿಗೆ ಮಾಡಿ. ನನಗೊಮ್ಮೆ ನಾಟಡವಿನ ಕಾಲು, ತಟ್ಟುಮೆಟ್ಟಿನ ಕೈ (ಎರಡೂ ಭರತನಾಟ್ಯದ ಅಡವುಗಳು, ಅಂದ್ರೆ ಮೂಲ ಹೆಜ್ಜೆಗಳು), ದೃಷ್ಟಿ ಹಿಂದಕ್ಕೆ ಅಂತ ಬಂತು. ಕೈ ಹೋದ ಕಡೆ ಕಣ್ಣು ಹೋಗಬೇಕು ಅಂತ ಚಿಕ್ಕಂದಿನಿಂದ ಕಲಿತಿದ್ದೀವಲ್ಲಾ, ಅದನ್ನ ಬಿಡಿಸೋಕೆ ಕುತ್ತಿಗೆ ಒಪ್ಪೋದೇ ಇಲ್ಲ, ಮಂಡಿ ಬಗ್ಗಿಸಿ ಅರ್ಧ ಕೂರೋ ಅರಮಂಡಿನೂ ಮೇಲೆ ಬಂದ್ಬಿಡುತ್ತೆ, ಆದ್ರೆ ವಿಳಂಬದಲ್ಲಿ, ಅಂದ್ರೆ ನಿಧಾನ ಗತಿಯಲ್ಲಿ, ಮಾಡ್ತಾ ಮಾಡ್ತಾ ಕೂತ್ಕೊಳ್ತು ನೋಡಿ, ಭುಜ ಮತ್ತೆ ಬೆನ್ನಿನ ಮಧ್ಯೆ ಒಂದು ತಿರುವು ಹುಟ್ಟಿತು, ಅದು ನಾನಾಗಿ ಯೋಚಿಸಿದ್ರೆ ಯಾವತ್ತೂ ಸಿಗ್ತಿರ್ಲಿಲ್ಲ.

ಇಷ್ಟ ಆಗಲಿಲ್ಲ ಅಂತ ಮಾತ್ರ ಚೀಟಿ ಬದಲಾಯಿಸಬೇಡಿ ದಯವಿಟ್ಟು, ಹಂಗೆ ಮಾಡಿದ್ರೆ ಮತ್ತೆ ನಿಮ್ಮ ಅಭ್ಯಾಸಕ್ಕೇ ವಾಪಸ್ ಹೋಗ್ತೀರಿ. ಮಂಡಿ ತಿರುಚೋ ಥರದ್ದು ಬಂದ್ರೆ ಮಾತ್ರ ಬಿಟ್ಟು ಬೇರೆ ಎತ್ತಿ.