ಟಿ-34ರ ತೊಂದರೆ ಇದ್ದದ್ದು ಗೋಪುರದ ಒಳಗೆ

ನಮಸ್ಕಾರ ಸರ್. ಎರಡನೇ ಮಹಾಯುದ್ಧದ ಸೋವಿಯತ್ ಟ್ಯಾಂಕ್ ಟಿ-34ರ ಕವಚ, ಫಿರಂಗಿ ಎರಡೂ ಜರ್ಮನ್ನರ ಪ್ಯಾಂಜರ್-3 ಟ್ಯಾಂಕ್‌ಗಿಂತ ಚೆನ್ನಾಗಿದ್ದರೂ 1941ರಲ್ಲಿ ಅಷ್ಟೊಂದು ಯಾಕೆ ನಾಶವಾದವು ಅಂತ ಕೇಳಿದ್ದೀರಿ. ಕವಚದ ವಿಷಯದಲ್ಲಿ ನೀವು ಹೇಳಿದ್ದು ಸರಿ. ಮುಂದಿನ ಉಕ್ಕಿನ ಹಲಗೆ 45 ಮಿ.ಮೀ. ದಪ್ಪ ಅಷ್ಟೇ. ಆದರೆ ಅದನ್ನು ನೆಟ್ಟಗೆ ನಿಲ್ಲಿಸದೆ 60 ಡಿಗ್ರಿ ವಾಲಿಸಿದ್ದರಿಂದ, ನೇರ ಬರುವ ಗುಂಡು ಸುಮಾರು 90 ಮಿ.ಮೀ. ಉಕ್ಕನ್ನು ಕೊರೆಯಬೇಕಿತ್ತು.

ಎಡವಟ್ಟು ಇದ್ದದ್ದು ಗೋಪುರದಲ್ಲಿ, ಅಂದರೆ ಫಿರಂಗಿ ಹೊತ್ತು ಸುತ್ತ ತಿರುಗುವ ಮೇಲ್ಭಾಗದಲ್ಲಿ. ಅಲ್ಲಿ ಇಬ್ಬರಿಗೆ ಮಾತ್ರ ಜಾಗ. ಒಬ್ಬ ಗುಂಡು ತುಂಬುವವನು. ಇನ್ನೊಬ್ಬ ಕಮಾಂಡರ್, ಗುರಿ ಇಟ್ಟು ಹೊಡೆಯುವವನೂ ಅವನೇ. ಅವನು ಗುರಿ ನೋಡುತ್ತಾ ಕೂತರೆ ಪಕ್ಕದಿಂದ ಯಾರು ಬರುತ್ತಿದ್ದಾರೆ ಅಂತ ನೋಡುವವರು ಯಾರು? ಗುಂಡುಗಳೂ ಜಾಸ್ತಿ ಇದ್ದದ್ದು ನೆಲದ ಪೆಟ್ಟಿಗೆಗಳಲ್ಲಿ. ಕೈಗೆ ಸಿಗುವ ಕೆಲವು ಮುಗಿದ ಮೇಲೆ, ಕಾಲಡಿಯ ರಬ್ಬರ್ ಹಾಸು ಎತ್ತಿ ಬಗ್ಗಿ ತೆಗೆಯಬೇಕು. ಅದೂ ಟ್ಯಾಂಕ್ ಕುಲುಕುತ್ತಿರುವಾಗ! ರೇಡಿಯೊ ಹೆಚ್ಚಾಗಿ ತುಕಡಿ ನಾಯಕರಿಗೆ ಮಾತ್ರ, ಉಳಿದವರಿಗೆ ಬಾವುಟವೇ ಗತಿ.

ಪ್ಯಾಂಜರ್-3ರ ಗೋಪುರದಲ್ಲಿ ಮೂವರಿದ್ದರು. ಕಮಾಂಡರ್‌ಗೆ ಸುತ್ತ ನೋಡಿ ಆದೇಶ ಕೊಡುವುದೇ ಕೆಲಸ, ಜೊತೆಗೆ ರೇಡಿಯೊ. ಹಾಗಾಗಿ ಎಷ್ಟೋ ಸಲ ಮೊದಲು ಕಂಡವರು, ಮೊದಲು ಹೊಡೆದವರು ಜರ್ಮನ್ನರೇ.

ಟಿ-34ಕ್ಕೆ ಗೇರ್‌ಬಾಕ್ಸ್ ಕಾಟ, ಬಿಡಿಭಾಗಗಳ ಕೊರತೆ ಬೇರೆ. ಕೆಟ್ಟು ನಿಂತು, ಅಲ್ಲೇ ಬಿಟ್ಟುಹೋದವೂ ಸಾಕಷ್ಟು.

1943ರಲ್ಲಿ ಕಮಾಂಡರ್‌ಗೆ ಸುತ್ತ ನೋಡಲು ಕಿಂಡಿಗಳಿರುವ ಸಣ್ಣ ಗುಮ್ಮಟ ಕೊಟ್ಟರು, ಆದರೂ ಕೂರುವವರು ಇಬ್ಬರೇ. 1944ರಲ್ಲಿ ಟಿ-34-85 ಬಂದಾಗ 85 ಮಿ.ಮೀ. ಫಿರಂಗಿ ಜೊತೆ ಮೂವರ ಗೋಪುರ ಸಿಕ್ಕಿತು. ಎಲ್ಲರೂ ಫಿರಂಗಿಯನ್ನೇ ಹೊಗಳುತ್ತಾರೆ. ನನ್ನ ಕೇಳಿದರೆ ಆ ಮೂರನೇ ಸೀಟೇ ದೊಡ್ಡ ಸುಧಾರಣೆ.