ವೇಲ್ಸ್ ಸಂಸತ್ತಿನಲ್ಲಿ ವಿರೋಧ ಪಕ್ಷದವರು ಮಾತಾಡಿದರೆ ಏನು ಪ್ರಯೋಜನ?

ಪ್ರಯೋಜನ ಖಂಡಿತ ಇದೆ. ಸರ್ಕಾರವನ್ನು ಸೋಲಿಸಲು ಆಗದಿದ್ದರೂ, ಎಲ್ಲರೆದುರು ಉತ್ತರ ಕೊಡುವ ಹಾಗೆ ಮಾಡಬಹುದು. ಕಾರ್ಡಿಫ್‌ನಲ್ಲಿರುವ ಈ ಸಂಸತ್ತಿನ ಹೆಸರು ಸೆನೆಡ್. ಅಲ್ಲಿ ಸದನದ ಸಮಯದಲ್ಲಿ ಒಂದು ಪಾಲು ವಿರೋಧ ಪಕ್ಷಗಳಿಗೇ ಮೀಸಲು. ಆ ಹೊತ್ತಿನಲ್ಲಿ ಯಾವ ವಿಷಯ ಚರ್ಚೆಗೆ ಬರಬೇಕು ಅಂತ ಅವರೇ ತೀರ್ಮಾನಿಸುತ್ತಾರೆ. ಮಂತ್ರಿ ಎದ್ದು ಉತ್ತರಿಸುತ್ತಾರೆ, ಆಮೇಲೆ ಮತದಾನ. ಗೆದ್ದ ಮಾತ್ರಕ್ಕೆ ಅದು ಕಾನೂನಾಗುವುದಿಲ್ಲ, ಆದರೆ ತೂಕ ಇದ್ದೇ ಇರುತ್ತದೆ. 2019ರ ಮೇ 1ರಂದು ಸದನ ಹವಾಮಾನ ತುರ್ತು ಪರಿಸ್ಥಿತಿ ಘೋಷಿಸಿತು. ಆ ನಿರ್ಣಯ ತಂದದ್ದು ಆಗ ವಿರೋಧ ಪಕ್ಷವಾಗಿದ್ದ ಪ್ಲೈಡ್ ಕಮ್ರಿ.

ನನಗೆ ಜಾಸ್ತಿ ಇಷ್ಟವಾಗುವುದು ಭಾಷೆಯ ವಿಚಾರ. ಒಬ್ಬರು ವೆಲ್ಷ್‌ನಲ್ಲಿ ಮಾತು ಶುರು ಮಾಡಿದರೆ, ಅದು ಬಾರದವರು ಹೆಡ್‌ಫೋನ್ ಕಿವಿಗಿಟ್ಟುಕೊಂಡು ಇಂಗ್ಲಿಷ್ ಅನುವಾದ ಕೇಳುತ್ತಾರೆ. ತಾಯ್ನುಡಿಯಲ್ಲೇ ಸರ್ಕಾರವನ್ನು ಪ್ರಶ್ನಿಸುವುದು ಎಷ್ಟು ಚೆಂದ ಅಲ್ವಾ? ಸದನದಲ್ಲಿ ಆಡಿದ ಮಾತೆಲ್ಲ ಎರಡೂ ಭಾಷೆಯಲ್ಲಿ ದಾಖಲಾಗುತ್ತದೆ.